ರೊಟ್ಟಿ ಆರ್ಡರ್‌ನ ಎಐ ಆಟೊಮೇಷನ್ ಬೇರೆ ಪ್ಲಾಟ್‌ಫಾರ್ಮ್‌ಗೆ ಸಾಗಿಸಬೇಕು, ಎಲ್ಲಿಂದ ಶುರು ಮಾಡೋದು?

ಧಾರವಾಡ_ರೊಟ್ಟಿ

ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡದಲ್ಲಿ ಖಡಕ್ ರೊಟ್ಟಿ, ಚಟ್ನಿ ಪುಡಿ ಮಾಡಿ ಮಾರುವ ಮನೆ ಉದ್ಯಮ. ಬೆಂಗಳೂರು, ಪುಣೆ ಕಡೆಗೆ ಜಾಸ್ತಿ ಹೋಗುತ್ತದೆ. ಆರ್ಡರ್ ಬರೋದು ಬಹುತೇಕ ವಾಟ್ಸ್‌ಆ್ಯಪ್‌ನಲ್ಲೇ.

ಈಗ ನಡೆಯುತ್ತಿರೋದು ಹೀಗೆ. ಗ್ರಾಹಕರು ಮೆಸೇಜ್ ಹಾಕುತ್ತಾರೆ. ಎಐ ಅದನ್ನು ಓದಿ ಯಾವ ಐಟಂ, ಎಷ್ಟು, ಯಾವ ಊರು ಅಂತ ಬಿಡಿಸುತ್ತದೆ. ಅದು ಗೂಗಲ್ ಶೀಟ್‌ಗೆ ಬೀಳುತ್ತದೆ, ಪೇಮೆಂಟ್ ಲಿಂಕ್ ಹೋಗುತ್ತದೆ. ದುಡ್ಡು ಬಂದ ಮೇಲೆ ಪ್ಯಾಕಿಂಗ್ ಮಾಡುವ ಅಕ್ಕಂದಿರ ಟೆಲಿಗ್ರಾಂ ಗ್ರೂಪ್‌ಗೆ ಪಟ್ಟಿ ಬರುತ್ತದೆ. ಕೊರಿಯರ್ ನಂಬರ್ ಹಾಕಿದರೆ ಗ್ರಾಹಕರಿಗೆ ಟ್ರ್ಯಾಕಿಂಗ್ ಹೋಗುತ್ತದೆ. "ರೊಟ್ಟಿ ಎಷ್ಟು ದಿನ ಇರ್ತದ?" ಅನ್ನುವಂಥ ಪ್ರಶ್ನೆಗಳಿಗೂ ಎಐ ಉತ್ತರ ಕೊಡುತ್ತದೆ. ಟ್ಯಾಲಿ ಎಂಟ್ರಿ ಮಾತ್ರ ಈಗಲೂ ಕೈಯಿಂದಲೇ.

ತೊಂದರೆ ಎರಡು. ಈಗಿನ ಪ್ಲಾಟ್‌ಫಾರ್ಮ್ ಪ್ರತಿ ಹೆಜ್ಜೆಗೂ ಎಣಿಸುತ್ತದೆ. ಹಬ್ಬದ ತಿಂಗಳಲ್ಲಿ ಕೋಟಾ ಮಧ್ಯದಲ್ಲೇ ಮುಗಿದು ಎಲ್ಲ ನಿಂತುಬಿಡುತ್ತದೆ. ಇನ್ನೊಂದು, ಅವರು ಕೊಟ್ಟ ಎಐ ಮಾಡೆಲ್ಲನ್ನೇ ಬಳಸಬೇಕು. ನಮ್ಮ ಕಡೆಯ ಕನ್ನಡ ಅದಕ್ಕೆ ಅಷ್ಟಾಗಿ ಹತ್ತೋದಿಲ್ಲ.

ಮೇಕ್, ಎನ್‌ಏಟ್‌ಎನ್, ಝೋಹೋ ಫ್ಲೋ ಅನ್ನುವ ಮೂರು ಆಟೊಮೇಷನ್ ಪ್ಲಾಟ್‌ಫಾರ್ಮ್‌ಗಳನ್ನು ನೋಡುತ್ತಿದ್ದೇವೆ. ಯಾವುದು ಒಳ್ಳೆಯದು ಅನ್ನೋದಕ್ಕಿಂತ, ಆರ್ಡರ್ ತಪ್ಪದ ಹಾಗೆ ಸಾಗಿಸೋದು ಹೇಗೆ ಅನ್ನೋದೇ ನನ್ನ ಪ್ರಶ್ನೆ.

ವರ್ಕ್‌ಫ್ಲೋ_ಮೈಸೂರು

ಮೊದಲು ಒಂದು ಮಾತು. ತಿಂಗಳ ಬೆಲೆ ಹೋಲಿಸಬೇಡಿ. ಅವರು ಏನನ್ನು ಎಣಿಸುತ್ತಾರೆ ಅಂತ ನೋಡಿ. ಬಿಲ್ ಏರೋದು ಇಳಿಯೋದು ಅಲ್ಲೇ.

ಝೇಪಿಯರ್ ಅನ್ನುವ ಇನ್ನೊಂದು ಪ್ಲಾಟ್‌ಫಾರ್ಮ್ ಟಾಸ್ಕ್ ಎಣಿಸುತ್ತದೆ. ಟ್ರಿಗರ್, ಅಂದರೆ ಫ್ಲೋ ಶುರು ಮಾಡುವ ಹೆಜ್ಜೆ, ಲೆಕ್ಕಕ್ಕಿಲ್ಲ, ಆಮೇಲಿನ ಒಂದೊಂದು ಕೆಲಸವೂ ಒಂದು ಟಾಸ್ಕ್. ಫಿಲ್ಟರ್, ಫಾರ್ಮ್ಯಾಟರ್‌ನಂಥ ಕೆಲವು ಹೆಜ್ಜೆಗಳಿಗೆ ವಿನಾಯಿತಿ. ಮೇಕ್ ಪ್ರತಿ ಮಾಡ್ಯೂಲ್ (ಒಂದೊಂದು ಹೆಜ್ಜೆ) ಎಷ್ಟು ಸಲ ಓಡಿತು ಅಂತ ಎಣಿಸುತ್ತದೆ. ಮೊದಲು ಅದನ್ನು ಆಪರೇಷನ್ ಅನ್ನುತ್ತಿದ್ದರು, 2025ರ ಆಗಸ್ಟ್‌ನಿಂದ ಕ್ರೆಡಿಟ್ ಅಂತ ಮಾಡಿದ್ದಾರೆ. ಎಐ ಮಾಡ್ಯೂಲ್‌ಗೆ ಒಂದಕ್ಕಿಂತ ಹೆಚ್ಚು ಕ್ರೆಡಿಟ್ ಹೋಗಬಹುದು. ಎನ್‌ಏಟ್‌ಎನ್ ಕ್ಲೌಡ್‌ನಲ್ಲಿ ವರ್ಕ್‌ಫ್ಲೋ ಶುರುವಿನಿಂದ ಕೊನೆವರೆಗೆ ಓಡಿದರೆ ಒಂದು ಎಕ್ಸಿಕ್ಯೂಷನ್, ಒಳಗೆ ಎಷ್ಟೇ ಹೆಜ್ಜೆ ಇರಲಿ.

ಉದಾಹರಣೆಗೆ ತಿಂಗಳಿಗೆ 1500 ಆರ್ಡರ್, ಪ್ರತಿ ಆರ್ಡರ್‌ಗೆ 8 ಹೆಜ್ಜೆ ಅಂದುಕೊಳ್ಳಿ. ಹೆಜ್ಜೆ ಎಣಿಸುವ ಕಡೆ 12,000. ಓಟ ಎಣಿಸುವ ಕಡೆ 1500.

ಆದರೆ ಇದೇ ಲೆಕ್ಕ ತಿರುಗಿಯೂ ಬೀಳುತ್ತದೆ. "ಕೊರಿಯರ್ ನಂಬರ್ ಬಂದಿದೆಯಾ" ಅಂತ 5 ನಿಮಿಷಕ್ಕೊಮ್ಮೆ ಶೀಟ್ ನೋಡುವ ಶೆಡ್ಯೂಲ್ ಇಟ್ಟಿದ್ದೀರಿ ಅನ್ನಿ. ಗಂಟೆಗೆ 12, ದಿನಕ್ಕೆ 288, ತಿಂಗಳಿಗೆ 8640 ಓಟ. ಒಂದೇ ಒಂದು ಆರ್ಡರ್ ಇಲ್ಲದಿದ್ದರೂ ಅಷ್ಟು ಖರ್ಚಾಯಿತು. ಮೇಕ್‌ನಲ್ಲೂ ಹಾಗೇ, ಹೋಗಿ ನೋಡಿ ಏನೂ ಸಿಗದೆ ಬಂದರೂ ಲೆಕ್ಕವೇ. ಆರ್ಡರ್‌ನಲ್ಲಿ 6 ಐಟಂ ಇದ್ದು ಅವನ್ನು ಒಂದೊಂದಾಗಿ ಬಿಡಿಸಿದರೆ, ಮೇಕ್‌ನಲ್ಲಿ ಮುಂದಿನ ಪ್ರತಿ ಮಾಡ್ಯೂಲ್ 6 ಸಲ ಓಡುತ್ತದೆ.

ನಿಮ್ಮ ಹಳೆ ಪ್ಲಾಟ್‌ಫಾರ್ಮ್‌ನ ಹಿಸ್ಟರಿಯಿಂದ ಹಬ್ಬದ ತಿಂಗಳು ಒಂದು, ಸಾಧಾರಣ ತಿಂಗಳು ಒಂದು ತೆಗೆದು ಹೀಗೆ ಲೆಕ್ಕ ಹಾಕಿ. ಎಐ ಓದಿ ಬರೆಯುವ ಪದಗಳ ತುಣುಕುಗಳಿಗೆ (ಟೋಕನ್) ಬೀಳುವ ಬಿಲ್ ಬೇರೆ. ಸ್ವಂತ ಎಪಿಐ ಕೀ (ಮಾಡೆಲ್ ಕಂಪನಿ ಕೊಡುವ ಗುಪ್ತ ಸಂಕೇತ) ಹಾಕಿದರೆ ಅದು ನೇರವಾಗಿ ಮಾಡೆಲ್ ಕಂಪನಿಗೆ ಹೋಗುತ್ತದೆ.

ಸರ್ವರ್_ನೋಡಿಕೊಳ್ಳುವವ

ಎನ್‌ಏಟ್‌ಎನ್ ಅನ್ನು ಸ್ವಂತ ಸರ್ವರ್‌ನಲ್ಲಿ ಹಾಕಿದರೆ ಎಕ್ಸಿಕ್ಯೂಷನ್‌ಗೆ ಮಿತಿಯೇ ಇಲ್ಲ, ಸರ್ವರ್ ಬಾಡಿಗೆ ಕೊಟ್ಟರೆ ಆಯಿತು. ನಾನು ನಾಲ್ಕಾರು ಅಂಗಡಿಗಳಿಗೆ ಹೀಗೆ ಹಾಕಿಕೊಟ್ಟು ನೋಡಿಕೊಳ್ಳುತ್ತಿದ್ದೇನೆ. ಒಂದೊಂದು ಅಂಗಡಿಯದೂ ಅವರದೇ ಸರ್ವರ್. ಅದರ ಲೈಸೆನ್ಸ್ ಪ್ರಕಾರ ನಿಮ್ಮ ವ್ಯಾಪಾರದ ಒಳಗಿನ ಕೆಲಸಕ್ಕೆ ಬಳಸಬಹುದು. ಅದನ್ನೇ ಹೋಸ್ಟ್ ಮಾಡಿ ಬೇರೆಯವರಿಗೆ ಸೇವೆಯಾಗಿ ಮಾರೋ ಹಾಗಿಲ್ಲ.

ಇವಿಷ್ಟನ್ನು ಮೊದಲ ದಿನವೇ ಮಾಡಿ.

ಟೈಮ್‌ಝೋನ್. ಏನೂ ಹೇಳದಿದ್ದರೆ ಅದು ನ್ಯೂಯಾರ್ಕ್ ಸಮಯ ಹಿಡಿಯುತ್ತದೆ. ರಾತ್ರಿ 9ಕ್ಕೆ ಹೋಗಬೇಕಾದ ಲೆಕ್ಕ ಮಾರನೇ ದಿನ ಬೆಳಿಗ್ಗೆ ಹೋಗುತ್ತದೆ. ಏಷ್ಯಾ/ಕೋಲ್ಕತ್ತಾ ಅಂತ ಸೆಟ್ ಮಾಡಿ.

ಎನ್‌ಕ್ರಿಪ್ಷನ್ ಕೀ. ನಿಮ್ಮ ಗೂಗಲ್, ವಾಟ್ಸ್‌ಆ್ಯಪ್, ಪೇಮೆಂಟ್ ಪಾಸ್‌ವರ್ಡ್‌ಗಳೆಲ್ಲ ಈ ಒಂದು ಕೀಯಿಂದ ಬೀಗ ಹಾಕಿರುತ್ತವೆ. ಡೇಟಾಬೇಸ್ ಬ್ಯಾಕಪ್ ಇದ್ದು ಕೀ ಇಲ್ಲದಿದ್ದರೆ ವರ್ಕ್‌ಫ್ಲೋ ವಾಪಸ್ ಬರುತ್ತದೆ, ಪಾಸ್‌ವರ್ಡ್ ಒಂದೂ ತೆರೆಯೋದಿಲ್ಲ. ಕೀಯನ್ನು ಸರ್ವರ್‌ನ ಹೊರಗೆ ಬರೆದಿಡಿ.

ಡೇಟಾಬೇಸ್. ಸುಮ್ನೆ ಹಾಕಿದರೆ ಎಸ್‌ಕ್ಯೂಲೈಟ್ ಬರುತ್ತದೆ. ಆರ್ಡರ್ ಮೇಲೆ ನಡೆಯುವ ವ್ಯಾಪಾರಕ್ಕೆ ಪೋಸ್ಟ್‌ಗ್ರೆಸ್ ಹಾಕಿ. ಹಳೆ ಎಕ್ಸಿಕ್ಯೂಷನ್‌ಗಳು ಎಷ್ಟು ದಿನ ಉಳಿಯಬೇಕು ಅಂತಲೂ ನೋಡಿಕೊಳ್ಳಿ, ಡಿಸ್ಕ್ ತುಂಬಿದರೆ ಎಲ್ಲ ನಿಲ್ಲುತ್ತದೆ.

ಅಪ್‌ಡೇಟ್. ಇದನ್ನು ಒತ್ತಿ ಹೇಳುತ್ತೇನೆ. 2026ರ ಜನವರಿಯಲ್ಲಿ ಎನ್‌ಏಟ್‌ಎನ್‌ನ ಒಂದು ದೊಡ್ಡ ದೋಷ ಬಯಲಾಯಿತು. ಲಾಗಿನ್ ಇಲ್ಲದೆಯೇ ಹೊರಗಿನವರು ಒಳಗೆ ಬರಬಹುದಿತ್ತು. 1.121.0 ಆವೃತ್ತಿಯಲ್ಲಿ ಅದು ಆಗಲೇ ಸರಿಯಾಗಿತ್ತು. ಅಪ್‌ಡೇಟ್ ಮಾಡಿಕೊಂಡವರು ನೆಮ್ಮದಿಯಾಗಿದ್ದರು. ಅಪ್‌ಡೇಟ್ ಮಾಡೋಕೆ ಯಾರೂ ಇಲ್ಲ ಅಂದರೆ ಸ್ವಂತ ಸರ್ವರ್ ಬೇಡ, ಅವರ ಕ್ಲೌಡ್ ತಗೊಳ್ಳಿ.

ಕಡಲತೀರದ_ಏಜೆನ್ಸಿ

ನಾನು ಮಂಗಳೂರಿನಲ್ಲಿ ಅಂಗಡಿ, ಕ್ಲಿನಿಕ್‌ಗಳಿಗೆ ವಾಟ್ಸ್‌ಆ್ಯಪ್ ಎಪಿಐ ಜೋಡಿಸುವ ಕೆಲಸ ಮಾಡುತ್ತೇನೆ. ಸರ್ವರ್ ಮಾತು ಆಮೇಲೆ ಇರಲಿ. ನಿಮ್ಮ ವಾಟ್ಸ್‌ಆ್ಯಪ್ ನಂಬರ್ ಯಾರ ಖಾತೆಯಲ್ಲಿದೆ? ಇದು ಮೊದಲು ಗೊತ್ತಾಗಬೇಕು.

ಮೆಟಾ ಬಿಸಿನೆಸ್ ಖಾತೆಗೆ ನೀವೇ ಲಾಗಿನ್ ಆಗಿ ನೋಡಿ. ನಂಬರ್ ಅಲ್ಲಿ ಕಾಣಿಸಿದರೆ, ನೀವು ಅದಕ್ಕೆ ಅಡ್ಮಿನ್ ಆಗಿದ್ದರೆ ಅರ್ಧ ಕೆಲಸ ಆದ ಹಾಗೆ. ನಂಬರ್ ಮಧ್ಯದ ಕಂಪನಿಯ ಖಾತೆಯಲ್ಲಿದ್ದರೆ ಬಿಡಿಸಿಕೊಳ್ಳೋದೇ ದೊಡ್ಡ ಕೆಲಸ. ಅದು ಮುಗಿಯುವವರೆಗೆ ಹೊಸ ಪ್ಲಾಟ್‌ಫಾರ್ಮ್‌ಗೆ ದುಡ್ಡು ಕಟ್ಟಬೇಡಿ.

ನಂಬರ್ ಒಬ್ಬ ಪ್ರೊವೈಡರ್‌ನಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಮೊದಲು ಟು‑ಸ್ಟೆಪ್ ವೆರಿಫಿಕೇಷನ್ ಪಿನ್ ತೆಗೆಸಬೇಕು. ಅದು ಸಾಮಾನ್ಯವಾಗಿ ಹಳೆ ಪ್ರೊವೈಡರ್ ಕೈಯಲ್ಲಿರುತ್ತದೆ. ಹಾಗಾಗಿ ಅವರ ಜೊತೆ ಜಗಳ ಮಾಡಿಕೊಳ್ಳುವ ಮೊದಲೇ ತೆಗೆಸಿ. ಹೆಸರು, ಕ್ವಾಲಿಟಿ ರೇಟಿಂಗ್, ಮೆಟಾ ಒಪ್ಪಿದ ಟೆಂಪ್ಲೇಟ್‌ಗಳು (ಮೊದಲೇ ಸಿದ್ಧಪಡಿಸಿದ ಮೆಸೇಜ್ ನಮೂನೆಗಳು) ಬಹುತೇಕ ಜೊತೆಗೆ ಬರುತ್ತವೆ. ಹಳೆ ಚಾಟ್ ಬರೋದಿಲ್ಲ. ಅದನ್ನು ಹೊರಡುವ ಮೊದಲೇ ಇಳಿಸಿಕೊಳ್ಳಿ. ಪ್ರಿಪೇಯ್ಡ್ ಹಣ ಇದ್ದರೆ ಅದನ್ನೂ ಖರ್ಚು ಮಾಡಿ ಮುಗಿಸಿ.

ಇನ್ನೊಂದು. 2025ರ ಜುಲೈ 1ರಿಂದ ಮೆಟಾ ಟೆಂಪ್ಲೇಟ್ ಮೆಸೇಜ್‌ಗೆ ತಲಾ ಲೆಕ್ಕ ಹಾಕುತ್ತದೆ, ಮೊದಲಿನ ಹಾಗೆ 24 ಗಂಟೆಯ ಮಾತುಕತೆಗೆ ಅಲ್ಲ. ಗ್ರಾಹಕರು ಮೆಸೇಜ್ ಹಾಕಿದ 24 ಗಂಟೆಯೊಳಗೆ ನೀವು ಕೊಡುವ ಸಾದಾ ಉತ್ತರಕ್ಕೆ ದುಡ್ಡಿಲ್ಲ. ಟ್ರ್ಯಾಕಿಂಗ್ ಮೆಸೇಜ್ ಮೂರನೇ ದಿನ ಹೋದರೆ ಟೆಂಪ್ಲೇಟ್ ಬೇಕು, ದುಡ್ಡೂ ಬೇಕು. ಸಾಧ್ಯವಾದರೆ ಅದೇ ದಿನ ಕಳಿಸಿ.

ಧಾರವಾಡ_ರೊಟ್ಟಿ

ಮೇಡಂ, ಈಗಷ್ಟೇ ನೋಡಿದೆ. ನಂಬರ್ ನಮ್ಮ ಖಾತೆಯಲ್ಲೇ ಇದೆ, ಅಡ್ಮಿನ್ ನನ್ನ ತಂಗಿ. ಪಿನ್ ತೆಗೆಯೋಕೆ ಇವತ್ತೇ ಬರೆದು ಹಾಕಿದ್ದೇವೆ.

ಎಐ ಭಾಗ ಬಲ್ಲವರು ಯಾರಾದರೂ ಇದ್ದರೆ ಇದನ್ನು ನೋಡಿ. ನಮಗೆ ಬರುವ ಮೆಸೇಜ್‌ಗಳು ಇಂಥವು:

"50 ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅರ್ಧಾ ಕೇಜಿ, ಅಗಸಿ ಪಾವ್ ಕೇಜಿ."

"ಅಣ್ಣಾರ, ಹೋದ ಸಲದ್ದೇ ಕಳಸ್ರಿ. ಆದ್ರ ಗುರೆಳ್ಳು ಬ್ಯಾಡ."

"ಅಕ್ಕಗ ಒಂದು ಪಾರ್ಸಲ್, ನಮಗೊಂದು. ಅಕ್ಕಂದು ಪುಣೆಗೆ."

ಎಷ್ಟೋ ಜನ ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಮೊದಲನೆಯದು ಈಗಲೂ ಸರಿಯಾಗಿ ಬರುತ್ತದೆ. ಎರಡನೆಯದು, ಮೂರನೆಯದು ಬಂದರೆ ನಾವೇ ಕೂತು ಸರಿಮಾಡಬೇಕು.

ಮಾಡೆಲ್_ಮಾತುಕತೆ

ಈ ಮೂರು ಮೆಸೇಜ್ ಬಂಗಾರದಂಥವು. ಇಂಥವನ್ನೇ ಒಟ್ಟು ಮಾಡಿ. ಸುಲಭದ್ದು, ಕಷ್ಟದ್ದು, ಅಕ್ಷರ ತಪ್ಪಿರೋದು, ಬೈದು ಬರೆದದ್ದು ಎಲ್ಲ ಇರಲಿ. ಪ್ರತಿಯೊಂದಕ್ಕೂ ಸರಿ ಉತ್ತರ ಏನು ಅಂತ ನೀವೇ ಕೈಯಾರೆ ಬರೆಯಿರಿ. ಹೊಸ ಪ್ಲಾಟ್‌ಫಾರ್ಮ್, ಹೊಸ ಮಾಡೆಲ್ ಯಾವುದೇ ಬರಲಿ, ಮೊದಲು ಈ ಪಟ್ಟಿಯನ್ನು ಓಡಿಸಿ. ಹಳೆ ಪ್ರಾಂಪ್ಟ್ (ಮಾಡೆಲ್‌ಗೆ ಬರೆದ ಸೂಚನೆ) ಹಾಗೇ ಎತ್ತಿ ಹಾಕಿದರೆ ಅದೇ ಉತ್ತರ ಬರುತ್ತದೆ ಅಂತ ನಂಬಬೇಡಿ. ಒಂದು ಮಾಡೆಲ್‌ಗೆ ತಿದ್ದಿ ತೀಡಿದ ಪ್ರಾಂಪ್ಟ್ ಇನ್ನೊಂದರಲ್ಲಿ ಬೇರೆ ಥರ ನಡೆದುಕೊಳ್ಳುತ್ತದೆ.

"ಹೋದ ಸಲದ್ದೇ" ಅನ್ನೋದು ಭಾಷೆಯ ತೊಂದರೆ ಅಲ್ಲ. ಹೋದ ಸಲ ಏನು ಕೊಂಡರು ಅಂತ ಮಾಡೆಲ್‌ಗೆ ಯಾರೂ ಹೇಳಿಲ್ಲ, ಅಷ್ಟೇ. ಫೋನ್ ನಂಬರ್ ಹಿಡಿದು ಶೀಟ್‌ನಿಂದ ಕೊನೆಯ ಆರ್ಡರ್ ತೆಗೆಯಿರಿ, ಮೆಸೇಜ್ ಜೊತೆಗೆ ಕೊಡಿ. ಇದಕ್ಕೆ ಚಾಟ್ ಮೆಮೊರಿ ನೆಚ್ಚಿಕೊಳ್ಳಬೇಡಿ. ಎನ್‌ಏಟ್‌ಎನ್‌ನ ಸಿಂಪಲ್ ಮೆಮೊರಿ ಸರ್ವರ್ ಮರುಚಾಲೂ ಆದರೆ ಅಳಿಸಿಹೋಗುತ್ತದೆ.

ಮಾಡೆಲ್‌ನಿಂದ ಐಟಂ, ಪ್ರಮಾಣ, ವಿಳಾಸ ಇಷ್ಟನ್ನು ಮಾತ್ರ ನಿಗದಿತ ನಮೂನೆಯಲ್ಲಿ ತಗೊಳ್ಳಿ. "ಅರ್ಧಾ ಕೇಜಿ" ಅಂದರೆ 500 ಗ್ರಾಂ, "ಪಾವ್ ಕೇಜಿ" ಅಂದರೆ 250 ಗ್ರಾಂ ಅಂತ ಪ್ರಾಂಪ್ಟ್‌ನಲ್ಲೇ ಬರೆಯಿರಿ. ಬೆಲೆ ಕೂಡಿಸುವ ಕೆಲಸ ಮಾತ್ರ ಮಾಡೆಲ್‌ಗೆ ಕೊಡಲೇಬೇಡಿ. ಅದು ಶೀಟ್‌ನ ಕೆಲಸ. ಗೊಂದಲ ಇದ್ದರೆ "ಸಂಶಯ" ಅಂತ ಬರೆದು ಮನುಷ್ಯರ ಕಡೆ ಕಳಿಸಲಿ.

ಪ್ರಶ್ನೋತ್ತರಕ್ಕೆ ಹಳೆ ಪ್ಲಾಟ್‌ಫಾರ್ಮ್ ವೆಕ್ಟರ್ ಡೇಟಾಬೇಸ್ (ಬರಹದ ಅರ್ಥವನ್ನು ಸಂಖ್ಯೆಗಳಾಗಿ ಇಡುವ ಜಾಗ) ಬಳಸುತ್ತಿದ್ದರೆ ಆ ವೆಕ್ಟರ್‌ಗಳನ್ನು ಹೊತ್ತುಕೊಂಡು ಹೋಗಬೇಡಿ. ಬರಹವನ್ನು ಹೀಗೆ ಸಂಖ್ಯೆಗಳಾಗಿ ಬದಲಿಸುವ ಓಪನ್‌ಎಐ ಮಾಡೆಲ್‌ಗಳಲ್ಲಿ ಹಳೆ ಅಡಾ‑002 ಮತ್ತು 2024ರ ಜನವರಿಯಲ್ಲಿ ಬಂದ 3‑ಸ್ಮಾಲ್ ಎರಡೂ 1536 ಸಂಖ್ಯೆಗಳ ವೆಕ್ಟರ್ ಕೊಡುತ್ತವೆ. ಅಳತೆ ಒಂದೇ ಇರೋದರಿಂದ ಎರರ್ ಬರೋದಿಲ್ಲ. ಹುಡುಕಿದಾಗ ಮಾತ್ರ ಸಂಬಂಧವೇ ಇಲ್ಲದ ಉತ್ತರ ಎದ್ದು ಬರುತ್ತದೆ. ಮೂಲ ಬರಹ ಇಟ್ಟುಕೊಂಡು ಹೊಸದಾಗಿಯೇ ಮಾಡಬೇಕು. ನಿಮ್ಮಲ್ಲಿ ಇರೋದು ಒಂದೆರಡು ಪುಟದ ಪ್ರಶ್ನೋತ್ತರ ಅಲ್ವಾ? ಅದನ್ನು ನೇರವಾಗಿ ಪ್ರಾಂಪ್ಟ್‌ನಲ್ಲೇ ಇಡಿ. ವೆಕ್ಟರ್ ಬೇಕಾಗಿಯೇ ಇಲ್ಲ.

ಹಳೆ ದರಪಟ್ಟಿ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿದೆಯಾ ನೋಡಿ. ಕಣ್ಣಿಗೆ ಕನ್ನಡ ಕಂಡರೂ ಎಐಗೆ ಸಿಗೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಮೊದಲು ಯೂನಿಕೋಡ್‌ಗೆ ಬದಲಿಸಿ.

ಕೊನೆಗೆ ಒಂದು ತಾರೀಕು. ನಿಮ್ಮ ಎಐ ಹೆಜ್ಜೆ ಓಪನ್‌ಎಐನ ಅಸಿಸ್ಟೆಂಟ್ಸ್ ಎಪಿಐ ಮೇಲೆ ಕೂತಿದ್ದರೆ, ಅದನ್ನು ಮುಚ್ಚುವ ದಿನ 2026ರ ಆಗಸ್ಟ್ 26 ಅಂತ ಅವರು ಹೇಳಿದ್ದಾರೆ. ಅದರ ಮೇಲೆ ಹೊಸದೇನನ್ನೂ ಕಟ್ಟಬೇಡಿ.

ಹಳೆ_ದಾರಿಯೇ_ಲೇಸು

ನನ್ನದು ಬೇರೆ ಅಭಿಪ್ರಾಯ. ಇಷ್ಟೆಲ್ಲ ಓದಿದ ಮೇಲೂ ಬದಲಿಸಲೇಬೇಕಾ ಅಂತ ಕೇಳುತ್ತೇನೆ. ನಾನು ಬೆಳಗಾವಿಯಲ್ಲಿ ಬಿಡಿಭಾಗಗಳ ವ್ಯಾಪಾರ ಮಾಡುವವನು. ಝೇಪಿಯರ್ ಫ್ಲೋ ಎನ್‌ಏಟ್‌ಎನ್‌ಗೆ ಹಾಗೇ ಇಂಪೋರ್ಟ್ ಆಗೋದಿಲ್ಲ. ಯಾವ ಪ್ಲಾಟ್‌ಫಾರ್ಮ್‌ನಿಂದ ಹೊರಟರೂ ಬಹುಪಾಲು ಹೀಗೇ. ಎಲ್ಲವನ್ನೂ ಕೈಯಿಂದ ಮತ್ತೆ ಕಟ್ಟಬೇಕು. ಕಟ್ಟುವವರ ಸಮಯಕ್ಕೂ ಬೆಲೆ ಇದೆ. ಮೊದಲು ಈಗಿನ ಫ್ಲೋ ಚಿಕ್ಕದು ಮಾಡಿ. 8 ಹೆಜ್ಜೆಯಲ್ಲಿ 3 ಹೆಜ್ಜೆ ಯಾರೂ ನೋಡದ ನೋಟಿಫಿಕೇಷನ್ ಆಗಿರುತ್ತವೆ. ಅವನ್ನು ತೆಗೆದರೆ ಬಿಲ್ ತಾನಾಗಿಯೇ ಇಳಿಯುತ್ತದೆ.

ವರ್ಕ್‌ಫ್ಲೋ_ಮೈಸೂರು

ಸರ್, ಅರ್ಧ ಒಪ್ಪುತ್ತೇನೆ. ಚಿಕ್ಕದು ಮಾಡೋದು ಹೇಗಿದ್ದರೂ ಬೇಕು. ಯಾರಿಗೂ ಬೇಡದ ಹೆಜ್ಜೆಯನ್ನು ಹೊಸ ಕಡೆಯೂ ಕಟ್ಟೋದು ದಂಡ. ಆದರೆ ಇವರ ದೊಡ್ಡ ತೊಂದರೆ ಬಿಲ್ ಅಲ್ಲ. ಧಾರವಾಡದ ಕನ್ನಡ ಓದಬಲ್ಲ ಮಾಡೆಲ್ ಆರಿಸೋಕೆ ಹಳೆ ಕಡೆ ದಾರಿಯೇ ಇಲ್ಲ. ಹೆಜ್ಜೆ ಕಡಿಮೆ ಮಾಡಿದರೆ ಅದು ಸರಿಹೋಗುತ್ತದಾ?

ಹಳೆ_ದಾರಿಯೇ_ಲೇಸು

ಆ ಮಾತು ನಿಜ. ಹಾಗಾದರೆ ಎಐ ಹೆಜ್ಜೆ ಇರುವ ಫ್ಲೋ ಮಾತ್ರ ಸಾಗಿಸಲಿ. ಟ್ರ್ಯಾಕಿಂಗ್, ಟೆಲಿಗ್ರಾಂ ಎಲ್ಲ ಹಳೆ ಕಡೆಯೇ ನಡೆಯಲಿ. ಎಲ್ಲ ಒಟ್ಟಿಗೆ ಎತ್ತಿಕೊಂಡು ಹೋಗೋದು ಬೇಡ.

ಲೆಕ್ಕಪತ್ರ_ದಾವಣಗೆರೆ

ತೆರಿಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ವಿದೇಶಿ ಕಂಪನಿಗೆ ನಿಮ್ಮ ಜಿಎಸ್‌ಟಿ ನಂಬರ್ ಕೊಟ್ಟರೆ ಅವರು ತೆರಿಗೆ ಹಾಕೋದಿಲ್ಲ. ನೀವೇ ರಿವರ್ಸ್ ಚಾರ್ಜ್‌ನಲ್ಲಿ ಶೇ 18 ಕಟ್ಟಬೇಕು. ಆಮೇಲೆ ಅದರ ತೆರಿಗೆ ಕ್ರೆಡಿಟ್ ತಗೋಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದು. ನಿಮ್ಮ ವಿಷಯದಲ್ಲಿ ಒಂದು ತಿರುವು ಇದೆ. ರೊಟ್ಟಿ, ಚಪಾತಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಸೊನ್ನೆ. ತೆರಿಗೆಯೇ ಇಲ್ಲದ ಮಾರಾಟದ ಪಾಲಿಗೆ ಕ್ರೆಡಿಟ್ ಸಿಗೋದಿಲ್ಲ, ಚಟ್ನಿ ಪುಡಿಯ ಪಾಲಿಗೆ ಮಾತ್ರ ಸಿಗುತ್ತದೆ. ಬೆಲೆ ಹೋಲಿಸುವಾಗ ಈ ಶೇ 18ರ ದೊಡ್ಡ ಪಾಲು ಖರ್ಚು ಅಂತಲೇ ಹಿಡಿಯಿರಿ.

ಕಾರ್ಡ್ ವಿಷಯ. ತಾನಾಗಿ ಕಡಿತವಾಗುವ ಮೊತ್ತ ₹15,000 ದಾಟಿದರೆ ಪ್ರತಿ ಸಲ ಓಟಿಪಿ ಬೇಕು. ವರ್ಷದ ಪ್ಲಾನ್ ತಗೊಂಡು ಮರೆತರೆ ನವೀಕರಣದ ದಿನ ಪೇಮೆಂಟ್ ನಿಂತು, ಅದರ ಜೊತೆ ಆರ್ಡರ್ರೂ ನಿಲ್ಲುತ್ತದೆ.

ಟ್ಯಾಲಿಯನ್ನು ಈಗಲೇ ಸೇರಿಸಬೇಡಿ. ಟ್ಯಾಲಿಪ್ರೈಮ್ 9000 ಪೋರ್ಟ್ ಮೂಲಕ ಬೇರೆ ಸಾಫ್ಟ್‌ವೇರ್‌ನಿಂದ ಎಕ್ಸ್‌ಎಂಎಲ್ ನಮೂನೆಯಲ್ಲಿ ಮಾಹಿತಿ ತಗೊಳ್ಳುತ್ತದೆ ನಿಜ. ಆದರೆ ಅದು ನಿಮ್ಮ ಅಂಗಡಿಯ ಕಂಪ್ಯೂಟರ್, ಕ್ಲೌಡ್‌ನಿಂದ ನೇರವಾಗಿ ಸಿಗೋದಿಲ್ಲ. ಆ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡಲೇಬೇಡಿ. ಟ್ಯಾಲಿಪ್ರೈಮ್ 4.0ರಿಂದ ಎಕ್ಸೆಲ್ ಫೈಲ್ ಇಂಪೋರ್ಟ್ ಆಗುತ್ತದೆ. ರಾತ್ರಿ ಒಂದು ಎಕ್ಸೆಲ್ ತಯಾರಾದರೆ ಸಾಕು.

ಸರ್ವರ್_ನೋಡಿಕೊಳ್ಳುವವ

ಸಾಗಿಸುವ ದಿನದ ಬಗ್ಗೆ ಹೇಳಿಬಿಡುತ್ತೇನೆ. ಹೆದರಬೇಕಾದ್ದು ಆರ್ಡರ್ ತಪ್ಪೋದಕ್ಕಿಂತ, ಒಂದೇ ಆರ್ಡರ್ ಎರಡು ಸಲ ಆಗೋದಕ್ಕೆ. ಹಳೆಯದೂ ಹೊಸದೂ ಒಟ್ಟಿಗೆ ಓಡುತ್ತಿದ್ದರೆ ಗ್ರಾಹಕರಿಗೆ ಎರಡು ಪೇಮೆಂಟ್ ಲಿಂಕ್ ಹೋಗುತ್ತದೆ. ಕೆಲವರು ಎರಡಕ್ಕೂ ಕಟ್ಟಿಬಿಡುತ್ತಾರೆ.

ಹೊಸದನ್ನು ಮೊದಲು ಬಾಯಿ ಮುಚ್ಚಿಸಿ ಓಡಿಸಿ. ಮೆಸೇಜ್ ಓದಲಿ, ಬಿಡಿಸಲಿ, ಬೇರೆ ಶೀಟ್‌ನಲ್ಲಿ ಬರೆಯಲಿ. ಗ್ರಾಹಕರಿಗೆ ಏನೂ ಕಳಿಸದಿರಲಿ. ಸಂಜೆ ಎರಡೂ ಶೀಟ್ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಂಡದ್ದೆಲ್ಲ ಟೆಸ್ಟ್ ಪಟ್ಟಿಗೆ ಸೇರಲಿ.

ವಾಟ್ಸ್‌ಆ್ಯಪ್ ಒಂದೇ ವೆಬ್‌ಹುಕ್ಕನ್ನು (ಹೊಸ ಮೆಸೇಜ್ ಬಂದಿದೆ ಅಂತ ನಿಮ್ಮ ಫ್ಲೋಗೆ ಹೋಗುವ ಸೂಚನೆ) ಕೆಲವೊಮ್ಮೆ ಎರಡು ಸಲ ಕಳಿಸುತ್ತದೆ. ಪ್ರತಿ ಮೆಸೇಜ್‌ಗೂ ಒಂದು ಐಡಿ ಇರುತ್ತದೆ. ಆ ಐಡಿ ಶೀಟ್‌ನಲ್ಲಿ ಆಗಲೇ ಇದ್ದರೆ ಮುಂದೆ ಹೋಗಬಾರದು ಅಂತ ಮೊದಲ ಹೆಜ್ಜೆಯಲ್ಲೇ ತಡೆ ಹಾಕಿ. ಎನ್‌ಏಟ್‌ಎನ್‌ನಲ್ಲಿ ಟೆಸ್ಟ್ ವೆಬ್‌ಹುಕ್ ವಿಳಾಸ ಬೇರೆ, ಪ್ರೊಡಕ್ಷನ್ ವಿಳಾಸ ಬೇರೆ. ಮೆಟಾದಲ್ಲಿ ಟೆಸ್ಟ್ ವಿಳಾಸ ಉಳಿದುಹೋದರೆ, ನೀವು ಎಡಿಟರ್‌ನಲ್ಲಿ ಟೆಸ್ಟ್ ಮಾಡದ ಹೊತ್ತಿನಲ್ಲಿ ಆರ್ಡರ್ ಬರೋದೇ ಇಲ್ಲ.

ಹಳೆಯದನ್ನು ಆಫ್ ಮಾಡಿ, ಡಿಲೀಟ್ ಮಾಡಬೇಡಿ. ಖಾತೆ ಮುಚ್ಚುವ ಮೊದಲು ಹಿಸ್ಟರಿ ಇಳಿಸಿಕೊಳ್ಳಿ. ಮುಚ್ಚಿದ ಮೇಲೆ ಗೂಗಲ್ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಹಳೆ ಪ್ಲಾಟ್‌ಫಾರ್ಮ್‌ಗೆ ಕೊಟ್ಟ ಅನುಮತಿ ತೆಗೆಯಿರಿ. ಪ್ಲಾನ್ ರದ್ದು ಮಾಡಿದ ಮಾತ್ರಕ್ಕೆ ಅದು ಹೋಗೋದಿಲ್ಲ. ಪೇಮೆಂಟ್ ಗೇಟ್‌ವೇ ಕೀಯನ್ನೂ ಬದಲಿಸಿ.

ಕಡಲತೀರದ_ಏಜೆನ್ಸಿ

ಇದಕ್ಕೆ ಒಂದು ಸೇರಿಸಿ. ಹಳೆ ಪ್ಲಾಟ್‌ಫಾರ್ಮ್‌ನವರಲ್ಲಿ ಉಳಿದಿರೋದು ನಿಮ್ಮ ಗ್ರಾಹಕರ ಹೆಸರು, ಫೋನ್, ಮನೆ ವಿಳಾಸ. ಅಳಿಸಿ ಅಂತ ಇಮೇಲ್‌ನಲ್ಲಿ ಕೇಳಿ, ಅವರ ಉತ್ತರ ಇಟ್ಟುಕೊಳ್ಳಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 2023ರದ್ದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. ಆ ಮಾಹಿತಿಯ ಹೊಣೆ ನಿಮ್ಮದೇ, ಪ್ಲಾಟ್‌ಫಾರ್ಮ್‌ನದಲ್ಲ.

ಧಾರವಾಡ_ರೊಟ್ಟಿ

ಎಲ್ಲರಿಗೂ ಮನಸಾರೆ ಧನ್ಯವಾದ. ಮನೆಯಲ್ಲಿ ಕೂತು ಮಾತಾಡಿದೆವು. ಸರ್ವರ್ ನೋಡಿಕೊಳ್ಳೋಕೆ ನಮ್ಮಲ್ಲಿ ಯಾರೂ ಇಲ್ಲ, ಅದಕ್ಕೆ ಎನ್‌ಏಟ್‌ಎನ್ ಕ್ಲೌಡ್ ಆರಿಸಿದ್ದೇವೆ. ಆರ್ಡರ್ ಓದುವ ಫ್ಲೋ ಮಾತ್ರ ಸಾಗಿಸುತ್ತೇವೆ. ಟ್ರ್ಯಾಕಿಂಗ್, ಟೆಲಿಗ್ರಾಂ ಹಳೆ ಕಡೆಯೇ ಇರಲಿ, ವರ್ಷದ ಪ್ಲಾನ್ ಮುಗಿಯುವವರೆಗೆ. ಬಾಯಿ ಮುಚ್ಚಿಸಿ ಓಡಿಸೋದು ಶುರುವಾಗಿದೆ.

ಕೊನೆಯ ಆರ್ಡರ್ ಜೊತೆಗೆ ಕೊಟ್ಟ ಮೇಲೆ "ಹೋದ ಸಲದ್ದೇ, ಗುರೆಳ್ಳು ಬ್ಯಾಡ" ಸರಿಯಾಗಿ ಬಂತು! "ಅಕ್ಕಗ ಒಂದು, ನಮಗೊಂದು" ಇನ್ನೂ ಬರುತ್ತಿಲ್ಲ, ಎರಡೂ ಪಾರ್ಸಲ್ ಪುಣೆಗೆ ಬರೆಯುತ್ತದೆ. ಎರಡು ವಿಳಾಸದ ಮೆಸೇಜ್ ಬಂದರೆ ಸದ್ಯಕ್ಕೆ ತಂಗಿಯ ಫೋನಿಗೆ ಹೋಗುವ ಹಾಗೆ ಮಾಡಿದ್ದೇವೆ. ಗಣೇಶ ಹಬ್ಬ ಮುಗಿಯುವವರೆಗೆ ಪೂರ್ತಿ ಬದಲಿಸೋದಿಲ್ಲ.

ಹೊಸಬ_ಗದಗ

ನಮ್ಮದೂ ಇದೇ ಥರದ ವ್ಯಾಪಾರ. ಆ ಟೆಸ್ಟ್ ಶೀಟ್‌ನಲ್ಲಿ ಏನೇನು ಕಾಲಂ ಇಟ್ಟಿದ್ದೀರಿ ಹೇಳ್ತೀರಾ?

ಧಾರವಾಡ_ರೊಟ್ಟಿ

ಖಂಡಿತ. ಮೆಸೇಜ್ ಐಡಿ, ಗ್ರಾಹಕರು ಬರೆದದ್ದು ಇದ್ದ ಹಾಗೇ, ಅವರ ಹೋದ ಸಲದ ಆರ್ಡರ್, ನಾವು ಕೈಯಾರೆ ಬರೆದ ಸರಿ ಉತ್ತರ, ಹಳೆಯದು ಕೊಟ್ಟದ್ದು, ಹೊಸದು ಕೊಟ್ಟದ್ದು, ತಪ್ಪು ಯಾವ ಥರದ್ದು. ಕೊನೆಯ ಕಾಲಂನಲ್ಲಿ ಐಟಂ, ಪ್ರಮಾಣ, ವಿಳಾಸ ಈ ಮೂರರಲ್ಲಿ ಒಂದನ್ನು ಬರೆಯುತ್ತೇವೆ. ನಮ್ಮಲ್ಲಿ ಜಾಸ್ತಿ ತಪ್ಪು ಬರುತ್ತಿರೋದು ವಿಳಾಸದಲ್ಲಿ. ಹೆಸರು, ಫೋನ್ ನಂಬರ್ ತೆಗೆದು ಖಾಲಿ ನಮೂನೆ ಇಲ್ಲೇ ಹಾಕುತ್ತೇನೆ.